ಗ್ರೀನ್ ಕಾರ್ಡ್ ಬಂದ ಮೇಲೆ ಹಿಂದಿನ ವರ್ಷಗಳ ತೆರಿಗೆ ಕ್ರೆಡಿಟ್: ಸಹಿ ಮಾಡುವ ಮುನ್ನ ತಿಳಿದಿರಬೇಕಾದದ್ದು

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಕಾಯಂ ವಾಸದ ಪರವಾನಗಿ, ಅಂದರೆ ಗ್ರೀನ್ ಕಾರ್ಡ್, ಸಿಕ್ಕ ಮೇಲೆ ಅದಕ್ಕೂ ಹಿಂದಿನ ವರ್ಷಗಳ ತೆರಿಗೆ ಕ್ರೆಡಿಟ್ಟನ್ನು ಮರಳಿ ಕೇಳಲು ಬರುತ್ತದೆಯೇ ಎಂಬ ಪ್ರಶ್ನೆ ನಮ್ಮ ಮಗಳ ಮನೆಯಲ್ಲಿ ಎದ್ದು, ಅದರ ಉತ್ತರ ಹುಡುಕುವ ಕೆಲಸ ಕಲಬುರಗಿಯಲ್ಲಿ ಕೂತಿರುವ ನನ್ನ ಪಾಲಿಗೆ ಬಂತು. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಎಂಜಿನಿಯರಿಂಗ್ ಓದಿ ಅಲ್ಲಿಗೆ ಹೋಗಿರುವ ಮಕ್ಕಳ ತಂದೆ-ತಾಯಂದಿರು ಈಗ ಓಣಿಗೆ ಇಬ್ಬರು ಮೂವರಾದರೂ ಸಿಗುತ್ತಾರೆ. ಹಾಗಾಗಿ ಇದು ನಮ್ಮೊಬ್ಬರ ಮನೆಯ ಮಾತಲ್ಲ ಎಂದು ತಿಳಿದು, ನನಗೆ ಗೊತ್ತಾದದ್ದನ್ನು ತಮ್ಮ ಪತ್ರಿಕೆಯ ಮೂಲಕ ಉಳಿದ ಮನೆಗಳಿಗೂ ಮುಟ್ಟಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾಗಿದೆ. ಹಣದ ವಿಷಯವನ್ನು ಅರ್ಧ ಹೇಳಿ ಬಿಟ್ಟರೆ ಹಾನಿಯೇ ಹೆಚ್ಚು ಎಂಬ ಕಾರಣಕ್ಕೆ ಅದನ್ನು ಕತ್ತರಿಸಲು ಮನಸ್ಸು ಬರಲಿಲ್ಲ.

ನಾನು ಖಜಾನೆ ಇಲಾಖೆಯಲ್ಲಿ ಬಿಲ್ಲುಗಳನ್ನು ಪರಿಶೀಲಿಸುವ ಕೆಲಸ ಮಾಡಿ ನಿವೃತ್ತನಾದವನು. ಅಳಿಯಂದಿರು ಎಚ್-1ಬಿ ವೀಸಾದ ಮೇಲೆ ಸಾಫ್ಟ್‌ವೇರ್ ಕೆಲಸಕ್ಕೆ ಹೋದವರು. ಮಗಳು 2012ರಲ್ಲಿ ವರ್ಷ ತುಂಬಿದ ಹೆಣ್ಣು ಕೂಸನ್ನು ಎತ್ತಿಕೊಂಡು ಅವರ ಹಿಂದೆ ಹೋದಳು. ಎರಡನೆಯ ಮಗು, ಗಂಡು, ಅಲ್ಲಿಯೇ ಹುಟ್ಟಿತು. ಕಲಬುರಗಿಯಲ್ಲಿ ಹುಟ್ಟಿದ ಮೊಮ್ಮಗಳು ಎಚ್-4 ವೀಸಾದ ಅವಲಂಬಿತೆ, ಅಲ್ಲಿ ಹುಟ್ಟಿದ ಮೊಮ್ಮಗ ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ಇಬ್ಬರೂ ಒಂದೇ ಶಾಲೆಯ ಬಸ್ಸು ಹತ್ತುವ, ಒಂದೇ ತಾಟಿನಲ್ಲಿ ಕೈಹಾಕಿ ಉಣ್ಣುವ ಅಕ್ಕ-ತಮ್ಮ. ಆದರೆ ಅಲ್ಲಿನ ತೆರಿಗೆ ಲೆಕ್ಕದಲ್ಲಿ ಇಬ್ಬರೂ ಒಂದೇ ಅಲ್ಲ.

ತೆರಿಗೆ ಕ್ರೆಡಿಟ್ ಎಂದರೆ ನಮ್ಮಲ್ಲಿ ವಿಮೆ, ಪಿ.ಎಫ್. ತೋರಿಸಿ ಆದಾಯದಲ್ಲಿ ಕಡಿಮೆ ಮಾಡಿಸುವ ವಿನಾಯಿತಿಯಂತಲ್ಲ. ಕಟ್ಟಬೇಕಾದ ತೆರಿಗೆಯಲ್ಲಿಯೇ ನೇರವಾಗಿ ಮುರಿದುಕೊಳ್ಳುವ ಮೊತ್ತ ಅದು. ಮಕ್ಕಳಿರುವ ಕುಟುಂಬಗಳಿಗೆ ಅಲ್ಲಿ ಮಕ್ಕಳ ತೆರಿಗೆ ಕ್ರೆಡಿಟ್ ಎಂದು ಕೊಡುತ್ತಾರೆ. 2017ರವರೆಗೆ ಅದು ಮಗುವೊಂದಕ್ಕೆ 1,000 ಡಾಲರ್ ಇತ್ತು, ಮಗುವಿಗೆ ಐಟಿನ್ ಸಂಖ್ಯೆ ಇದ್ದರೂ ಸಾಕಿತ್ತು. ಐಟಿನ್ ಎಂದರೆ, ಪ್ರಜೆಗಳಿಗೂ ಕೆಲಸದ ಅನುಮತಿ ಇರುವವರಿಗೂ ಅಲ್ಲಿನ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯುರಿಟಿ ನಂಬರ್ ಎಂಬ ಗುರುತಿನ ಸಂಖ್ಯೆಯನ್ನು ಪಡೆಯಲು ಅರ್ಹತೆ ಇಲ್ಲದವರಿಗೆ ಅಲ್ಲಿನ ತೆರಿಗೆ ಇಲಾಖೆಯಾದ ಐಆರ್‌ಎಸ್ ಕೊಡುವ, 9ರಿಂದ ಆರಂಭವಾಗುವ ಒಂಬತ್ತು ಅಂಕಿಗಳ ಸಂಖ್ಯೆ. 2017ರ ಕೊನೆಗೆ ಆದ ಕಾನೂನಿನಿಂದ 2018ರ ಸಾಲಿಗೆ ಮೊತ್ತವನ್ನು 2,000 ಡಾಲರಿಗೆ ಏರಿಸಿದರು. ಜೊತೆಗೇ, 17 ವರ್ಷ ತುಂಬದ ಆ ಮಗುವಿಗೆ ಕೆಲಸಕ್ಕೆ ಸಿಂಧುವಾದ ಸೋಷಿಯಲ್ ಸೆಕ್ಯುರಿಟಿ ನಂಬರ್ ಇರಲೇಬೇಕು ಎಂಬ ಷರತ್ತನ್ನೂ ಹಾಕಿದರು. ಐಟಿನ್ ಮಾತ್ರ ಇರುವ ಮಗುವಿಗೆ ಉಳಿದದ್ದು ಇತರ ಅವಲಂಬಿತರ ಲೆಕ್ಕದ 500 ಡಾಲರ್. ಹೀಗೆ ನಮ್ಮ ಮಗಳ ಮನೆಯಲ್ಲಿ ತಮ್ಮನ ಹೆಸರಿಗೆ 2,000, ಅಕ್ಕನ ಹೆಸರಿಗೆ 500 ಎಂದು ವರ್ಷವರ್ಷವೂ ನಡೆದುಕೊಂಡು ಬಂತು.

2024ರ ಮೇ ತಿಂಗಳಲ್ಲಿ ಇಡೀ ಸಂಸಾರಕ್ಕೆ ಗ್ರೀನ್ ಕಾರ್ಡ್ ಬಂತು. ಜೂನ್‌ನಲ್ಲಿ ಮೊಮ್ಮಗಳ ಸೋಷಿಯಲ್ ಸೆಕ್ಯುರಿಟಿ ಕಾರ್ಡ್ ಅಂಚೆಯಲ್ಲಿ ಬಂದು, ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ‘ಮುತ್ಯಾ, ನನ್ನ ನಂಬರ್ ಬಂತು’ ಎಂದು ವಿಡಿಯೊ ಕರೆಯಲ್ಲಿ ತೋರಿಸಿದಳು. ಅದಾಗಿ ಸ್ವಲ್ಪ ದಿನಕ್ಕೆ ತೆರಿಗೆ ರಿಟರ್ನ್ ತುಂಬಿಕೊಡುವ ಒಂದು ಸಂಸ್ಥೆಯಿಂದ ಮಗಳಿಗೆ ಫೋನ್ ಬಂತು. ಈಗ ನೀವು ಕಾನೂನುಬದ್ಧ ನಿವಾಸಿಗಳಾಗಿದ್ದೀರಿ, ಹಿಂದಿನ ಮೂರು ವರ್ಷಗಳ ರಿಟರ್ನ್‌ಗಳನ್ನು ತಿದ್ದುಪಡಿ ಮಾಡಿ ದೊಡ್ಡ ಮಗುವಿನ ಪೂರ್ತಿ ಕ್ರೆಡಿಟ್ ತರಿಸಿಕೊಡುತ್ತೇವೆ, ಬಂದ ಹಣದಲ್ಲಿ ಕಾಲು ಭಾಗ ನಮಗೆ ಕೊಟ್ಟರೆ ಸಾಕು, ಮುಂಗಡ ಏನೂ ಬೇಡ ಎಂದು ಅವರು ಹೇಳಿದರು. ಕಾಗದ ಸಿದ್ಧವಾಗಿಯೂ ಬಂತು. ಮಗಳು ನನಗೆ ಫೋನ್ ಮಾಡಿ, ‘ಅಪ್ಪಾ, ಮೂರು ವರ್ಷದ್ದು ತಿದ್ದಿ ಕೊಡ್ತೀವಿ ಅಂತಾರ, ಸಹಿ ಮಾಡ್ಲೇನು?’ ಎಂದು ಕೇಳಿದಳು.

ಮೂವತ್ತು ವರ್ಷಕ್ಕೂ ಮೇಲೆ ಬೇರೆಯವರ ಬಿಲ್ಲು ನೋಡಿದವನಿಗೆ, ಆಧಾರವಾಗಿ ಯಾವ ನಿಯಮವನ್ನೂ ತೋರಿಸದ ಕಾಗದದ ಮೇಲೆ ಮಗಳು ಸಹಿ ಮಾಡುವುದು ಸರಿ ಅನ್ನಿಸಲಿಲ್ಲ. ಮೂರೂ ವರ್ಷದ ರಿಟರ್ನ್‌ಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡು, ಸೂಪರ್ ಮಾರ್ಕೆಟ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಊಟದ ಮೇಜಿನ ಮೇಲೆ ಸಾಲಾಗಿ ಹರಡಿಕೊಂಡು ಕೂತೆ. ಮೊದಲ ಪುಟದಲ್ಲಿ ಅವಲಂಬಿತರ ಹೆಸರು ಬರೆಯುವ ಸಾಲುಗಳಿವೆ. ಹೆಸರಿನ ಮುಂದೆ ಸಂಖ್ಯೆ, ಅದರ ಮುಂದೆ ಸಂಬಂಧ, ಕೊನೆಗೆ ಎರಡು ಚೌಕ: ಒಂದು ಮಕ್ಕಳ ಕ್ರೆಡಿಟ್ಟಿನದು, ಇನ್ನೊಂದು ಇತರ ಅವಲಂಬಿತರದು. ಮೂರೂ ವರ್ಷ ಮೊಮ್ಮಗಳ ಹೆಸರಿನ ಮುಂದೆ 9ರಿಂದ ಆರಂಭವಾಗುವ ಸಂಖ್ಯೆ, ಗುರುತು ಎರಡನೆಯ ಚೌಕದಲ್ಲಿ. ತಮ್ಮನ ಗುರುತು ಮೊದಲನೆಯದರಲ್ಲಿ. ಆ ರಿಟರ್ನ್‌ಗಳಲ್ಲಿ ತಪ್ಪೇನೂ ಇರಲಿಲ್ಲ, ತಿದ್ದುವಂಥದ್ದೂ ಏನೂ ಇರಲಿಲ್ಲ.

ಐಆರ್‌ಎಸ್ ತನ್ನ ಜಾಲತಾಣದಲ್ಲಿ ಹಾಕಿರುವ ಸೂಚನೆಗಳನ್ನು ಓದುತ್ತ ಹೋದಾಗ ಉತ್ತರ ಸ್ಪಷ್ಟವಾಗಿ ಸಿಕ್ಕಿತು. ಸೋಷಿಯಲ್ ಸೆಕ್ಯುರಿಟಿ ನಂಬರ್ ಇದ್ದರಷ್ಟೇ ಸಾಲದು, ಯಾವ ವರ್ಷದ ಕ್ರೆಡಿಟ್ ಕೇಳುತ್ತೇವೋ ಆ ವರ್ಷದ ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ ಆ ನಂಬರ್ ನೀಡಿಕೆಯಾಗಿರಬೇಕು. ಗಡುವು ವಿಸ್ತರಿಸಿಕೊಂಡಿದ್ದರೆ ವಿಸ್ತರಿಸಿದ ದಿನವೇ ಕೊನೆಯ ದಿನ. 2024ರ ಜೂನ್‌ನಲ್ಲಿ ಬಂದ ನಂಬರನ್ನು 2021, 2022ರ ರಿಟರ್ನ್‌ಗಳಲ್ಲಿ ಬರೆದು ಹಣ ಕೇಳಲು ಈ ನಿಯಮದ ಪ್ರಕಾರ ಬರುವುದಿಲ್ಲ. ತಿದ್ದುಪಡಿಗೆಂದೇ ಇರುವ 1040-ಎಕ್ಸ್ ನಮೂನೆಯಲ್ಲಿ ಕೇಳಿದರೂ ಅಷ್ಟೇ. ಮೂಲ ರಿಟರ್ನ್ ಸಲ್ಲಿಸಿದ ದಿನದಿಂದ ಮೂರು ವರ್ಷ ಅಥವಾ ತೆರಿಗೆ ಕಟ್ಟಿದ ದಿನದಿಂದ ಎರಡು ವರ್ಷ, ಇವೆರಡರಲ್ಲಿ ಯಾವುದು ನಂತರ ಬರುತ್ತದೋ ಅಲ್ಲಿಯವರೆಗೆ ತಿದ್ದುಪಡಿಗೆ ಅವಕಾಶವಿದೆ ಎಂಬುದು ನಿಜ. ಸಂಸ್ಥೆಯವರು ಹೇಳಿದ ‘ಮೂರು ವರ್ಷ’ ಅಲ್ಲಿಂದಲೇ ಬಂದದ್ದು. ಆದರೆ ತಿದ್ದುಪಡಿಗೆ ಅವಧಿ ಇರುವುದು ಒಂದು ಮಾತು, ಕ್ರೆಡಿಟ್ಟಿಗೆ ಅರ್ಹತೆ ಇರುವುದು ಇನ್ನೊಂದು ಮಾತು. ಮೊದಲನೆಯದನ್ನು ತೋರಿಸಿ ಎರಡನೆಯದೂ ಇದೆ ಎಂದು ನಂಬಿಸಲಾಗುತ್ತಿದೆ.

ಈ ಮಾತು ಜನರ ಬಾಯಲ್ಲಿ ಇಷ್ಟು ಗಟ್ಟಿಯಾಗಿ ಕೂತಿರುವುದಕ್ಕೆ ಒಂದು ಹಳೆಯ ಕಾರಣವೂ ಇದೆ. ಕಡಿಮೆ ಆದಾಯದ ದುಡಿಯುವ ಕುಟುಂಬಗಳಿಗೆ ಅಲ್ಲಿ ದುಡಿಮೆ ಆದಾಯದ ಕ್ರೆಡಿಟ್ ಎಂಬ ಇನ್ನೊಂದು ಸೌಲಭ್ಯವಿದೆ. ಗಂಡ, ಹೆಂಡತಿ, ಮಕ್ಕಳು ಎಲ್ಲರಿಗೂ ಸೋಷಿಯಲ್ ಸೆಕ್ಯುರಿಟಿ ನಂಬರ್ ಇದ್ದರೆ ಮಾತ್ರ ಅದು ಪೂರ್ತಿ ಸಿಗುವಂಥದ್ದು. 2015ರವರೆಗೆ, ನಂಬರ್ ತಡವಾಗಿ ಬಂದವರು ಅವಧಿಯೊಳಗಿನ ಹಿಂದಿನ ರಿಟರ್ನ್‌ಗಳನ್ನು ತಿದ್ದಿ ಈ ಕ್ರೆಡಿಟ್ ಪಡೆಯಬಹುದಿತ್ತು, ಐಆರ್‌ಎಸ್ ಅದನ್ನು ಒಪ್ಪುತ್ತಿತ್ತು. 2015ರ ಡಿಸೆಂಬರ್ 18ರಂದು ಸಹಿಯಾದ ಕಾನೂನು ಆ ದಾರಿಯನ್ನು ಮುಚ್ಚಿತು. ಅದಕ್ಕೆ ಮೊದಲು ಹಣ ಪಡೆದವರ ಮಾತು ಸುಳ್ಳಲ್ಲ, ಆದರೆ ಅವರನ್ನು ನೋಡಿ ಇಂದು ಅರ್ಜಿ ಹಾಕುವವರಿಗೆ ಆ ದಾರಿ ಇಲ್ಲ. ನಮ್ಮ ಭಾಗದಿಂದ ಹೋಗಿ ಅಲ್ಲಿ ಅಂಗಡಿ, ಪೆಟ್ರೋಲ್ ಬಂಕ್‌ಗಳಲ್ಲಿ ದುಡಿಯುವ ಕುಟುಂಬಗಳು ಇದನ್ನು ವಿಶೇಷವಾಗಿ ಗಮನಿಸಬೇಕು, ಯಾಕೆಂದರೆ ದೊಡ್ಡ ಮೊತ್ತದ ಆಸೆ ತೋರಿಸುವುದು ಈ ಕ್ರೆಡಿಟ್ಟಿನ ಹೆಸರಿನಲ್ಲಿಯೇ.

ಈ ದಿನಾಂಕದ ನಿಯಮ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಅರ್ಥವಾಗುವಷ್ಟು ಸುಲಭವಾಗಿ ಬೇರೆ ಯಾರಿಗೂ ಆಗಲಿಕ್ಕಿಲ್ಲ. 371-ಜೆ ಮೀಸಲಾತಿಯಲ್ಲಿ ನೌಕರಿಗೆ ಅರ್ಜಿ ಹಾಕುವ ನಮ್ಮ ಹುಡುಗರು, ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರವನ್ನು ಅರ್ಜಿಯ ಕೊನೆಯ ದಿನಾಂಕದೊಳಗೆ ಪಡೆದಿಟ್ಟುಕೊಳ್ಳಬೇಕೆಂದು ಎಷ್ಟು ಓಡಾಡುತ್ತಾರೆ ಎಂಬುದನ್ನು ನಾವೆಲ್ಲ ಕಂಡಿದ್ದೇವೆ. ಹುಡುಗ ಇಲ್ಲಿಯೇ ಹುಟ್ಟಿ ಬೆಳೆದವನು, ಅವನ ಅಜ್ಜನ ಹೊಲ ಇಲ್ಲಿಯೇ ಇದೆ, ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೂ ಪ್ರಮಾಣಪತ್ರದ ಮೇಲಿನ ದಿನಾಂಕ ಕೊನೆಯ ದಿನದ ನಂತರದ್ದಾದರೆ ಆ ಅಧಿಸೂಚನೆಯ ಮಟ್ಟಿಗೆ ಅವನು ಹೊರಗೆ ನಿಲ್ಲುತ್ತಾನೆ. ನಮ್ಮ ಮೊಮ್ಮಗಳ ಸ್ಥಿತಿಯೂ ಅದೇ ಆಯಿತು.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ಬಿಡಿಸಬೇಕು. ‘ಈಗ ನಿವಾಸಿಗಳಾದಿರಿ’ ಎಂದು ಸಂಸ್ಥೆಯವರು ಹೇಳಿದ ಮಾತು ವಲಸೆ ಕಾನೂನಿನದು, ತೆರಿಗೆ ಕಾನೂನಿನದಲ್ಲ. ತೆರಿಗೆಗೆ ನಿವಾಸಿ ಹೌದೋ ಅಲ್ಲವೋ ಎಂಬುದನ್ನು ಗ್ರೀನ್ ಕಾರ್ಡ್ ಇಲ್ಲದವರಿಗೆ ದಿನಗಳ ಲೆಕ್ಕದಿಂದ ನಿರ್ಧರಿಸುತ್ತಾರೆ. ಈ ವರ್ಷ ಅಲ್ಲಿದ್ದ ಎಲ್ಲ ದಿನಗಳು, ಕಳೆದ ವರ್ಷದ ದಿನಗಳಲ್ಲಿ ಮೂರನೆಯ ಒಂದು ಭಾಗ, ಅದರ ಹಿಂದಿನ ವರ್ಷದ್ದರಲ್ಲಿ ಆರನೆಯ ಒಂದು ಭಾಗ, ಇವೆಲ್ಲ ಕೂಡಿ 183 ಮುಟ್ಟಿ, ಈ ವರ್ಷದ ದಿನಗಳು ಕನಿಷ್ಠ 31 ಇದ್ದರೆ ಸಾಮಾನ್ಯವಾಗಿ ಆತ ತೆರಿಗೆಯ ಮಟ್ಟಿಗೆ ನಿವಾಸಿ. ಆ ಲೆಕ್ಕದಲ್ಲಿ ಅಳಿಯಂದಿರು, ಮಗಳು, ಮೊಮ್ಮಗಳು ಹತ್ತಾರು ವರ್ಷಗಳಿಂದ ನಿವಾಸಿಗಳೇ ಆಗಿದ್ದರು, ನಿವಾಸಿಗಳಂತೆಯೇ ಪೂರ್ತಿ ತೆರಿಗೆ ಕಟ್ಟಿದ್ದರು. 500 ಡಾಲರಿನ ಕ್ರೆಡಿಟ್ ಸಿಕ್ಕಿದ್ದೂ ಮೊಮ್ಮಗಳು ನಿವಾಸಿ ಎಂಬ ಆಧಾರದ ಮೇಲೆಯೇ. ಗ್ರೀನ್ ಕಾರ್ಡ್ ಬಂದಾಗ ಈ ಲೆಕ್ಕದಲ್ಲಿ ಬದಲಾದದ್ದು ಅವಳ ಹೆಸರಿನ ಮುಂದಿನ ಸಂಖ್ಯೆಯೊಂದೇ.

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟ ಸಂಗತಿಗೆ ಬರುತ್ತೇನೆ. ಆ ಸಂಖ್ಯೆ ಅವಳಿಗೆ 2021ರಲ್ಲಿಯೇ ಸಿಗಬಹುದಿತ್ತು. ಸರದಿ ಬಂದು, ಅಲ್ಲಿಯೇ ಇದ್ದುಕೊಂಡು ಕಾಯಂ ವಾಸಕ್ಕೆ ಸಲ್ಲಿಸುವ ಕೊನೆಯ ಹಂತದ ಅರ್ಜಿಯನ್ನು, ಅಂದರೆ ಐ-485 ಅನ್ನು, ಮಗಳ ಸಂಸಾರ 2020ರ ಅಕ್ಟೋಬರ್‌ನಲ್ಲಿ ಸಲ್ಲಿಸಿತ್ತು. ಆ ಅರ್ಜಿ ಬಾಕಿ ಇರುವಾಗ ಕೆಲಸದ ಪರವಾನಗಿಗೂ ಅರ್ಜಿ ಹಾಕಬಹುದು. ಅದು ದೊಡ್ಡವರಿಗೆ ಮಾತ್ರ ಎಂದೇನೂ ಇಲ್ಲ, ಐ-485 ಸಲ್ಲಿಸಿದ ಮಗುವಿಗೂ ಹಾಕಬಹುದು. ಆಗ ಆ ನಮೂನೆಯಲ್ಲಿಯೇ ಸೋಷಿಯಲ್ ಸೆಕ್ಯುರಿಟಿ ಕಾರ್ಡ್ ಬೇಕೇ ಎಂಬ ಪ್ರಶ್ನೆ ಇತ್ತು, ಅದಕ್ಕೆ ಹೌದು ಎಂದು ಗುರುತು ಮಾಡಿದರೆ ಪರವಾನಗಿಯ ಹಿಂದೆಯೇ ನಂಬರೂ ಬರುತ್ತಿತ್ತು. ಹಾಗೆ ಬಂದ ಕಾರ್ಡಿನ ಮೇಲೆ ‘ಒಳನಾಡಿನ ಭದ್ರತಾ ಇಲಾಖೆಯ ಅನುಮತಿ ಇದ್ದರೆ ಮಾತ್ರ ಕೆಲಸಕ್ಕೆ ಸಿಂಧು’ ಎಂಬ ಅರ್ಥದ ಸಾಲು ಅಚ್ಚಾಗಿರುತ್ತದೆ. ಆ ಅನುಮತಿಯ ಅವಧಿ ಚಾಲ್ತಿಯಲ್ಲಿದ್ದರೆ ಮಕ್ಕಳ ಕ್ರೆಡಿಟ್ಟಿಗೆ ಆ ನಂಬರ್ ನಡೆಯುತ್ತದೆ. ಆ ಕಾಲಕ್ಕೆ ಐ-485ರ ಶುಲ್ಕ ಕಟ್ಟಿದವರಿಗೆ ಕೆಲಸದ ಪರವಾನಗಿಗೆ ಬೇರೆ ಶುಲ್ಕವೂ ಇರಲಿಲ್ಲ, 2024ರ ಏಪ್ರಿಲ್‌ನಿಂದ ಬೇರೆ ಶುಲ್ಕ ಬಂದಿದೆ.

ಮಗಳು ತನಗೆ ಅರ್ಜಿ ಹಾಕಿಕೊಂಡಳು. ಒಂಬತ್ತು ವರ್ಷದ ಹುಡುಗಿಗೆ ಕೆಲಸದ ಪರವಾನಗಿ ಯಾಕೆ ಎಂದು ಅರ್ಜಿ ಸಿದ್ಧಪಡಿಸಿದ ವಕೀಲರು ಕೇಳಿದರಂತೆ, ಇವರಿಗೂ ಅದು ಸರಿ ಅನ್ನಿಸಿತಂತೆ. ಯಾರೇ ಆದರೂ ಹಾಗೆಯೇ ಯೋಚಿಸುತ್ತಾರೆ. ಆದರೆ ಆ ಒಂದು ನಮೂನೆ ತುಂಬಿದ್ದರೆ 2021, 2022, 2023 ಈ ಮೂರು ಸಾಲುಗಳಲ್ಲಿ ಸಾಲಿಗೆ ಕನಿಷ್ಠ 1,500 ಡಾಲರ್ ಹೆಚ್ಚು ಸಿಗುತ್ತಿತ್ತು. ಒಟ್ಟು 4,500 ಡಾಲರ್, ನಮ್ಮ ರೂಪಾಯಿಯಲ್ಲಿ ಮೂರೂವರೆ ಲಕ್ಷಕ್ಕೂ ಮೇಲೆ. ಮೇಜಿನ ಮೇಲೆ ಹರಡಿದ್ದ ಹಾಳೆಗಳ ಅಂಚಿನಲ್ಲಿ ನಾನು ಈ ಲೆಕ್ಕ ಮಾಡಿದಾಗ, ಅದನ್ನು ಮಗಳಿಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಸುಮ್ಮನಿದ್ದೆ. ಈಗ ಸರದಿ ಬಂದು ಐ-485 ಹಾಕುತ್ತಿರುವ ಮನೆಗಳಿಗೆ ನನ್ನ ವಿನಂತಿ ಇಷ್ಟೇ: ಮಗು ಎಷ್ಟು ಸಣ್ಣದಿದ್ದರೂ ಅದರ ಹೆಸರಿನಲ್ಲಿಯೂ ಕೆಲಸದ ಪರವಾನಗಿಗೆ ಅರ್ಜಿ ಹಾಕುವ ವಿಷಯವನ್ನು ನಿಮ್ಮ ವಕೀಲರ ಹತ್ತಿರ ಕೇಳಿರಿ, ಶುಲ್ಕವನ್ನೂ ಕ್ರೆಡಿಟ್ಟನ್ನೂ ಪಕ್ಕಪಕ್ಕಕ್ಕೆ ಇಟ್ಟು ನೋಡಿರಿ.

2023ರ ಸಾಲಿನದು ಬೇರೆಯೇ ಕತೆ, ಅದರಲ್ಲಿ ಉಳಿಸಿಕೊಳ್ಳಲು ಇನ್ನೂ ಒಂದು ದಾರಿ ಇತ್ತು. ಆ ಸಾಲಿನ ರಿಟರ್ನ್‌ಗೆ ಕೊನೆಯ ದಿನ 2024ರ ಏಪ್ರಿಲ್ 15. ಆ ದಿನದೊಳಗೆ 4868 ಎಂಬ ನಮೂನೆ ಸಲ್ಲಿಸಿದ್ದರೆ, ಕಾರಣವನ್ನೂ ಕೇಳದೆ ಆರು ತಿಂಗಳು, ಅಂದರೆ ಅಕ್ಟೋಬರ್ 15ರವರೆಗೆ ಗಡುವು ಸಿಗುತ್ತಿತ್ತು. ಜೂನ್‌ನಲ್ಲಿ ಬಂದ ನಂಬರ್ ಆಗ ಗಡುವಿನೊಳಗೇ ಬಂದಂತೆ ಆಗಿ, ಮೊಮ್ಮಗಳ ಹೆಸರಿಗೆ 2,000 ಡಾಲರ್ ಕಾನೂನಿನ ಪ್ರಕಾರವೇ ಸಿಗುತ್ತಿತ್ತು. ಅಳಿಯಂದಿರು ಶಿಸ್ತಿನ ಮನುಷ್ಯ, ಪ್ರತಿ ವರ್ಷದಂತೆ ಫೆಬ್ರವರಿಯಲ್ಲಿಯೇ ರಿಟರ್ನ್ ಸಲ್ಲಿಸಿ ಮುಗಿಸಿದ್ದರು. ಹಾಗಾಗಿ ಗ್ರೀನ್ ಕಾರ್ಡ್ ಅಥವಾ ನಂಬರ್ ಇನ್ನೇನು ಬರಲಿದೆ ಎಂಬ ವರ್ಷದಲ್ಲಿ ರಿಟರ್ನ್‌ಗೆ ಅವಸರ ಮಾಡಬಾರದು, ಗಡುವಿನ ವಿಸ್ತರಣೆ ಪಡೆದುಕೊಂಡು ಕಾಯಬೇಕು. ಒಂದು ಎಚ್ಚರಿಕೆ ಮಾತ್ರ ಇರಲಿ. ವಿಸ್ತರಣೆ ಸಿಗುವುದು ರಿಟರ್ನ್ ಸಲ್ಲಿಸುವುದಕ್ಕೆ, ತೆರಿಗೆ ಕಟ್ಟುವುದಕ್ಕಲ್ಲ. ಬಾಕಿ ತೆರಿಗೆ ಇದ್ದರೆ ಏಪ್ರಿಲ್ 15ರೊಳಗೆ ಅಂದಾಜು ಮಾಡಿ ಕಟ್ಟಬೇಕು, ಇಲ್ಲದಿದ್ದರೆ ಬಡ್ಡಿ ಬೀಳುತ್ತದೆ.

ಅದೇ ಸಂಸ್ಥೆಯವರು ಇನ್ನೂ ಒಂದು ಸಲಹೆ ಕೊಟ್ಟಿದ್ದರು, ಅದು ನನಗೇ ಸಂಬಂಧಿಸಿದ್ದು. ನನ್ನ ಮತ್ತು ನನ್ನ ಹೆಂಡತಿಯ ಪಾಸ್‌ಪೋರ್ಟ್ ಪ್ರತಿ ಕಳಿಸಿದರೆ ನಮ್ಮಿಬ್ಬರಿಗೂ ಐಟಿನ್ ಮಾಡಿಸಿ, ಮಗಳ ಅವಲಂಬಿತರೆಂದು ತೋರಿಸಿ ತಲಾ 500 ಡಾಲರ್ ತರಿಸುತ್ತಾರಂತೆ. ಅವಲಂಬಿತರೆಂದು ತೋರಿಸಲು ಆ ವ್ಯಕ್ತಿ ಅಮೆರಿಕದ ಪ್ರಜೆಯೋ, ಅಲ್ಲಿನ ತೆರಿಗೆ ನಿವಾಸಿಯೋ, ಕೆನಡಾ ಅಥವಾ ಮೆಕ್ಸಿಕೊದಲ್ಲಿ ವಾಸಿಸುವವನೋ ಆಗಿರಬೇಕು, ಮತ್ತು ಅವನ ವರ್ಷದ ಖರ್ಚಿನ ಅರ್ಧಕ್ಕಿಂತ ಹೆಚ್ಚನ್ನು ರಿಟರ್ನ್ ಸಲ್ಲಿಸುವವರು ಹೊತ್ತಿರಬೇಕು. ನಾವು ಬ್ರಹ್ಮಪುರದಲ್ಲಿ ಇರುವವರು. ಮನೆ ನಮ್ಮದು, ಊಟ ಔಷಧ ನನ್ನ ಪಿಂಚಣಿಯಲ್ಲಿ ನಡೆಯುತ್ತದೆ. ಮಗಳ ಮನೆಗೆ ಎರಡು ಸಲ ಹೋಗಿ ಬಂದದ್ದು ಬಿಟ್ಟರೆ ಆ ದೇಶದ ವಾಸ ನಮಗಿಲ್ಲ. ನನ್ನ ಹೆಸರಿನಲ್ಲಿ ಸುಳ್ಳು ಬರೆದು ಮಗಳು ಹಣ ತೆಗೆದುಕೊಳ್ಳುವುದನ್ನು ನಾನು ಒಪ್ಪಲಿಲ್ಲ, ಅವಳೂ ಒಪ್ಪಲಿಲ್ಲ. ಊರಿನಲ್ಲಿರುವ ಹಿರಿಯರು ‘ಏನೋ ಮಕ್ಕಳು ಕೇಳ್ಯಾರ’ ಎಂದು ಪಾಸ್‌ಪೋರ್ಟ್ ಪ್ರತಿಯನ್ನು ಗುರುತಿಲ್ಲದವರಿಗೆ ಕಳಿಸುವ ಮುನ್ನ, ಅದು ಯಾತಕ್ಕೆ ಎಂದು ಮಕ್ಕಳನ್ನು ಕೇಳಲೇಬೇಕು.

ಇಂಥ ಕಾಗದಗಳಿಗೆ ಸಹಿ ಮಾಡಿದರೆ ಏನಾಗುತ್ತದೆ ಎಂಬುದನ್ನು ಬೀದರ್ ಜಿಲ್ಲೆಯ ನನ್ನ ಪರಿಚಯದ ಒಬ್ಬರ ಮಗನ ಮನೆಯಲ್ಲಿ ಕಂಡೆ. ಒಂದು ವರ್ಷದ ತಿದ್ದುಪಡಿಗೆ ಹಣ ಬಂದೇಬಿಟ್ಟಿತು, ಕಾಲು ಭಾಗ ಕೊಟ್ಟದ್ದೂ ಆಯಿತು. ಕೆಲವು ತಿಂಗಳ ಮೇಲೆ, ಆ ಕ್ರೆಡಿಟ್ಟಿಗೆ ಅರ್ಹತೆ ಇಲ್ಲ, ಪಡೆದದ್ದನ್ನು ಬಡ್ಡಿ ಸಹಿತ ಮರಳಿಸಿ ಎಂದು ಐಆರ್‌ಎಸ್ ಪತ್ರ ಬಂತು. ಆ ಹೊತ್ತಿಗೆ ತುಂಬಿಕೊಟ್ಟವರ ಫೋನ್ ಬಂದ್ ಆಗಿತ್ತು. ಸರಿಯಾದ ಕಾರಣವಿಲ್ಲದೆ ಹೆಚ್ಚಿನ ಮರುಪಾವತಿ ಕೇಳಿದರೆ ಹೆಚ್ಚುವರಿ ಮೊತ್ತದ ಶೇ 20ರಷ್ಟು ದಂಡ ಹಾಕಲು ಅಲ್ಲಿ ಅವಕಾಶವಿದೆ. ನಿಯಮವನ್ನು ಲೆಕ್ಕಿಸದೆ ಕೇಳಿದ್ದು ಎಂದು ಕಂಡುಬಂದರೆ ಎರಡು ವರ್ಷ, ವಂಚನೆ ಎಂದಾದರೆ ಹತ್ತು ವರ್ಷ ಆ ಕ್ರೆಡಿಟ್ಟನ್ನೇ ಕೇಳದಂತೆ ತಡೆಯುತ್ತಾರೆ. ಸಾಮಾನ್ಯವಾಗಿ ಐದು ವರ್ಷದ ಮೇಲೆ ಪೌರತ್ವಕ್ಕೆ ಅರ್ಜಿ ಹಾಕುವಾಗಲೂ ತೆರಿಗೆಯ ವಿಷಯವನ್ನು ಕೇಳುತ್ತಾರೆ. ಹನ್ನೆರಡು ವರ್ಷ ಸರದಿಯಲ್ಲಿ ಕಾಯ್ದು ಪಡೆದ ಕಾರ್ಡನ್ನು ಇಂಥ ಒಂದು ಸಹಿಗೆ ಒಡ್ಡುವುದು ಯಾವ ಲೆಕ್ಕದಲ್ಲಿಯೂ ಸರಿಹೋಗುವುದಿಲ್ಲ. ಹಣ ಪಡೆದು ರಿಟರ್ನ್ ತುಂಬಿಕೊಡುವವರು ಐಆರ್‌ಎಸ್‌ನಿಂದ ಪಡೆದ ತಮ್ಮ ಗುರುತಿನ ಸಂಖ್ಯೆಯನ್ನು ಬರೆದು ತಾವೂ ಸಹಿ ಮಾಡಬೇಕು ಎಂಬ ನಿಯಮವಿದೆ. ಬರುವ ಮರುಪಾವತಿಯಲ್ಲಿ ಪಾಲು ಕೇಳುವವರಿಂದ ದೂರವಿರಿ ಎಂದು ಐಆರ್‌ಎಸ್ ತಾನೇ ಹೇಳುತ್ತದೆ. ನಮ್ಮ ಮಗಳಿಗೆ ಬಂದ ಕಾಗದದಲ್ಲಿ ತುಂಬಿದವರ ಸಹಿಯ ಜಾಗ ಖಾಲಿ ಇತ್ತು.

ಹಾಗಂತ ಹಿಂದಿನ ವರ್ಷಗಳದ್ದು ಏನನ್ನೂ ಕೇಳಲು ಬರುವುದಿಲ್ಲ ಎಂದು ಯಾರೂ ತಿಳಿಯಬಾರದು, ಅದೂ ತಪ್ಪಾಗುತ್ತದೆ. ನ್ಯಾಯವಾಗಿ ಬರಬೇಕಾದದ್ದನ್ನು ಬಿಟ್ಟವರೂ ನಮ್ಮ ಹುಡುಗರಲ್ಲಿ ಇದ್ದಾರೆ. ಎಫ್-1 ವೀಸಾದ ಮೇಲೆ ಓದಲು ಹೋದವರಿಗೆ, ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯ ಪ್ರಕಾರ, ಅನಿವಾಸಿಗಳ ರಿಟರ್ನ್‌ನಲ್ಲಿಯೂ ಪ್ರಮಾಣಿತ ಕಡಿತ, ಅಂದರೆ ಆದಾಯದಲ್ಲಿ ತೆರಿಗೆಯಿಲ್ಲದೆ ಬಿಡುವ ನಿಗದಿತ ಮೊತ್ತ, ತೆಗೆದುಕೊಳ್ಳುವ ಅವಕಾಶವಿದೆ. ಬೇರೆ ದೇಶಗಳ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಇದು ಇಲ್ಲ. 2023ರ ಸಾಲಿಗೆ ಒಂಟಿ ವ್ಯಕ್ತಿಗೆ ಆ ಕಡಿತ 13,850 ಡಾಲರ್ ಇತ್ತು. ತಿಳಿಯದೆ ಬಿಟ್ಟವರು ಮೂರು ವರ್ಷದ ಅವಧಿಯೊಳಗೆ 1040-ಎಕ್ಸ್ ಸಲ್ಲಿಸಿ ಪಡೆಯಬಹುದು. ಇನ್ನೊಂದು, ಓದು ಮುಗಿಸಿ ಒಪಿಟಿ ಎಂಬ ತರಬೇತಿ ಕೆಲಸದ ಅನುಮತಿಯ ಮೇಲೆ ಕೆಲಸಕ್ಕೆ ಸೇರಿದ ವಿದ್ಯಾರ್ಥಿಗಳ ಸಂಬಳದಲ್ಲಿ, ಅವರು ಹೋದ ಮೊದಲ ಐದು ಕ್ಯಾಲೆಂಡರ್ ವರ್ಷಗಳವರೆಗೆ ಸಾಮಾನ್ಯವಾಗಿ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ಎಂಬ ಪಿಂಚಣಿ, ಆರೋಗ್ಯ ವಿಮೆಯ ತೆರಿಗೆ ಎಂದು ಶೇ 7.65 ಹಿಡಿಯುವಂತಿಲ್ಲ. ಸಂಬಳದ ವಿಭಾಗದವರು ತಿಳಿಯದೆ ಹಿಡಿಯುವುದುಂಟು. ವರ್ಷಕ್ಕೆ 60,000 ಡಾಲರ್ ಸಂಬಳವಿದ್ದವನಿಗೆ ಅದು 4,590 ಡಾಲರ್. ಮೊದಲು ಕಂಪನಿಯನ್ನೇ ಕೇಳಬೇಕು, ಅವರು ಕೊಡದಿದ್ದರೆ 843 ನಮೂನೆಯಲ್ಲಿ ಐಆರ್‌ಎಸ್‌ಗೆ ಅರ್ಜಿ ಹಾಕಬಹುದು. ಇಲ್ಲಿನ ಬ್ಯಾಂಕ್ ಠೇವಣಿಯ ಬಡ್ಡಿಯನ್ನು ಅಲ್ಲಿ ತೋರಿಸಿ ತೆರಿಗೆ ಕಟ್ಟಿದವರು, ಅದೇ ಬಡ್ಡಿಗೆ ಭಾರತದಲ್ಲಿ ಕಟ್ಟಿದ ತೆರಿಗೆಗೆ ಒಪ್ಪಂದದ ಮಿತಿಯೊಳಗೆ ಕ್ರೆಡಿಟ್ ಕೇಳಬಹುದು, ಅದಕ್ಕೆ ಮೂರು ವರ್ಷವಲ್ಲ, ಹತ್ತು ವರ್ಷದ ಅವಧಿ ಇದೆ. ಇವು ಯಾವುದಕ್ಕೂ ಗ್ರೀನ್ ಕಾರ್ಡ್ ಬರುವವರೆಗೆ ಕಾಯಬೇಕಾಗಿಲ್ಲ.

ನಿಯಮವನ್ನು ಪಾಲಿಸಬೇಕೆಂದು ಇಷ್ಟೆಲ್ಲ ಬರೆದೆನಾದರೂ, ಮಕ್ಕಳ ವಿಷಯದಲ್ಲಿ ಆ ನಿಯಮ ನ್ಯಾಯವಾಗಿದೆ ಎಂದು ನನಗೆ ಅನ್ನಿಸುವುದಿಲ್ಲ. ಅಳಿಯಂದಿರ ಸಂಬಳದಲ್ಲಿ ತೆರಿಗೆ ಹಿಡಿಯುವಾಗ ಅವರ ಮಗಳು ಎಲ್ಲಿ ಹುಟ್ಟಿದ್ದು ಎಂದು ಯಾರೂ ಕೇಳಲಿಲ್ಲ. ಅವಳ ಪುಸ್ತಕ, ಬೂಟು, ಹಲ್ಲಿನ ಡಾಕ್ಟರ ಖರ್ಚು ತಮ್ಮನದ್ದರ ನಾಲ್ಕನೆಯ ಒಂದು ಭಾಗಕ್ಕೆ ಮುಗಿಯುತ್ತಿರಲಿಲ್ಲ. ಉದ್ಯೋಗ ಆಧಾರಿತ ಗ್ರೀನ್ ಕಾರ್ಡುಗಳು ವರ್ಷಕ್ಕೆ ಸುಮಾರು 1,40,000, ಅದರಲ್ಲಿ ಒಂದು ದೇಶದವರಿಗೆ ಸಾಮಾನ್ಯವಾಗಿ ಶೇ 7ಕ್ಕಿಂತ ಹೆಚ್ಚಿಲ್ಲ ಎಂಬ ಮಿತಿಯಿಂದ ಭಾರತದವರ ಸರದಿ ಹತ್ತಾರು ವರ್ಷ ಉದ್ದವಾಗಿದೆ. ಸರದಿ ತಡವಾದದ್ದು ಮಗುವಿನ ತಪ್ಪಲ್ಲ, ಆದರೂ ತಡವಾದ ಪ್ರತಿ ವರ್ಷದ ನಷ್ಟ ಆ ಮನೆಯ ಮೇಲೆಯೇ ಬೀಳುತ್ತಿದೆ. ಹಿಂದಿನದನ್ನು ಸರಿಪಡಿಸಲು ಆಗುವುದೇ ಇಲ್ಲ ಎಂಬುದೂ ನಿಜವಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಪರಿಹಾರವಾಗಿ ತಲಾ 1,200 ಡಾಲರ್ ಕೊಟ್ಟಾಗ, ಜಂಟಿ ರಿಟರ್ನ್ ಸಲ್ಲಿಸಿದ ಗಂಡ-ಹೆಂಡತಿಯಲ್ಲಿ ಒಬ್ಬರಿಗೆ ಐಟಿನ್ ಇದ್ದರೂ, ಸೈನ್ಯದಲ್ಲಿದ್ದವರನ್ನು ಬಿಟ್ಟು, ಇಡೀ ಮನೆಗೆ ಹಣ ಇಲ್ಲ ಎಂದರು. ಅದೇ ವರ್ಷದ ಡಿಸೆಂಬರ್‌ನ ಕಾನೂನಿನಲ್ಲಿ ಅದನ್ನು ಹಿಂದಿನಿಂದಲೇ ಜಾರಿಗೆ ಬರುವಂತೆ ತಿದ್ದಿ, ನಂಬರ್ ಇರುವ ಸಂಗಾತಿಗೂ ನಂಬರ್ ಇರುವ ಮಕ್ಕಳಿಗೂ ಕೊಟ್ಟರು. ಶಾಸನ ಮಾಡುವವರು ಮನಸ್ಸು ಮಾಡಿದರೆ ಪೂರ್ವಾನ್ವಯವಾಗಿ ಕೊಡಲು ಬರುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಆದರೆ 2025ರ ಜುಲೈ 4ರಂದು ಸಹಿಯಾದ ಹೊಸ ಕಾನೂನು ಬೇರೆ ದಿಕ್ಕಿಗೆ ಹೋಗಿದೆ: ಕ್ರೆಡಿಟ್ಟನ್ನು 2,200 ಡಾಲರಿಗೆ ಏರಿಸಿ, ಮಗುವಿಗಷ್ಟೇ ಅಲ್ಲ, ತಂದೆ-ತಾಯಿಯಲ್ಲಿ ಕನಿಷ್ಠ ಒಬ್ಬರಿಗೂ ಸೋಷಿಯಲ್ ಸೆಕ್ಯುರಿಟಿ ನಂಬರ್ ಇರಬೇಕೆಂದು ಷರತ್ತು ಸೇರಿಸಿದೆ. ಎಚ್-1ಬಿ ಮೇಲಿರುವವರಿಗೆ ನಂಬರ್ ಇರುವುದರಿಂದ ಅವರಿಗೆ ಇದರಿಂದ ತೊಂದರೆಯಿಲ್ಲ, ಆದರೆ ಎಚ್-4 ಮಕ್ಕಳ ಸ್ಥಿತಿ ಇದ್ದಲ್ಲಿಯೇ ಇದೆ.

ಪರದೇಶದ ಕಾನೂನನ್ನು ಬದಲಿಸಲು ನಮ್ಮ ಕೈಯಲ್ಲಿ ಆಗುವುದಿಲ್ಲ. ಆಗುವುದು ಎರಡು ಕೆಲಸ. ಅಮೆರಿಕದ ಊರೂರುಗಳಲ್ಲಿರುವ ಕನ್ನಡ ಕೂಟಗಳು ಯುಗಾದಿ, ದೀಪಾವಳಿಗೆ ಸೇರುವಂತೆ ಜನವರಿ ಕೊನೆಗೆ ಒಂದು ದಿನ ಸೇರಿ, ತಿಳಿದ ಲೆಕ್ಕಪರಿಶೋಧಕರೊಬ್ಬರನ್ನು ಕೂಡಿಸಿ, ಐಟಿನ್ ಮಕ್ಕಳಿರುವ ಮನೆಗಳಿಗೆ ಕನ್ನಡದಲ್ಲಿಯೇ ಈ ವಿಷಯ ತಿಳಿಸಿದರೆ ನಮ್ಮ ಮಗಳಿಗೆ ಆದದ್ದು ಇನ್ನೊಂದು ಮನೆಗೆ ಆಗಲಿಕ್ಕಿಲ್ಲ. ಆದಾಯ ಕಡಿಮೆ ಇರುವವರಿಗೆ ಐಆರ್‌ಎಸ್‌ನ ಬೆಂಬಲದಿಂದ ಸ್ವಯಂಸೇವಕರು ಉಚಿತವಾಗಿ ರಿಟರ್ನ್ ತುಂಬಿಕೊಡುವ ವೀಟಾ ಎಂಬ ವ್ಯವಸ್ಥೆಯೂ ಅಲ್ಲಿದೆ, ಅದನ್ನೂ ಅಂಥ ಸಭೆಯಲ್ಲಿ ಹೇಳಬೇಕು. ಇಲ್ಲಿ, ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಪರದೇಶಕ್ಕೆ ಹೋಗುವ ವಿದ್ಯಾರ್ಥಿಗಳಿಗೆ ವೀಸಾ ಸಂದರ್ಶನದ ತಯಾರಿ ಮಾಡಿಸುವಾಗಲೇ, ಅಲ್ಲಿ ಮೊದಲ ಸಂಬಳದ ಚೀಟಿಯಲ್ಲಿ ಯಾವ ಕಡಿತ ಇರಬೇಕು, ಯಾವುದು ಇರಬಾರದು ಎಂಬುದನ್ನು ಒಂದು ತಾಸು ಹೇಳಿಕೊಡಬೇಕು.

ತಮ್ಮಲ್ಲಿ ನನ್ನ ಪ್ರಾರ್ಥನೆ, ಈ ಪತ್ರವನ್ನು ಏಪ್ರಿಲ್ 15ಕ್ಕಿಂತ ಕನಿಷ್ಠ ಎರಡು ವಾರ ಮೊದಲು ಪ್ರಕಟಿಸಬೇಕು. ಈ ವರ್ಷ ಗ್ರೀನ್ ಕಾರ್ಡ್ ಕಾಯುತ್ತಿರುವ ಯಾವುದಾದರೂ ಮನೆಯ ತಂದೆ-ತಾಯಿ ಇದನ್ನು ಓದಿ, ಸಂಜೆ ಮಕ್ಕಳಿಗೆ ಫೋನ್ ಮಾಡಿ, 4868 ನಮೂನೆಯ ಹೆಸರನ್ನೊಂದು ಹೇಳಲು ಅಷ್ಟು ಸಮಯವಾದರೂ ಬೇಕಾಗುತ್ತದೆ.

ತಮ್ಮ ವಿಶ್ವಾಸಿ,
ಖಜಾನೆ ಇಲಾಖೆಯ ಒಬ್ಬ ನಿವೃತ್ತ ನೌಕರ
ಬ್ರಹ್ಮಪುರ, ಕಲಬುರಗಿ